ಆಟಿಸಂ ಇರುವ ಮಗುವಿಗೆ ಯಾವ ಹೈಸ್ಕೂಲು? ಏಳನೇ ಕ್ಲಾಸ್ ಮುಗಿಯುವ ಮುನ್ನವೇ ಪೋಷಕರು ನೋಡಿಕೊಳ್ಳಬೇಕಾದ್ದು

ಏಳನೇ ತರಗತಿವರೆಗೆ ಹೇಗೋ ನಡೆದುಹೋಗುತ್ತದೆ. ಊರಲ್ಲೇ ಶಾಲೆ, ಮಗುವನ್ನು ಒಂದನೇ ಕ್ಲಾಸಿನಿಂದ ನೋಡಿರುವ ಟೀಚರು, ದಿನವೆಲ್ಲ ಒಂದೇ ಕೊಠಡಿ, ಬಿಸಿಯೂಟ ಬಡಿಸುವ ಅದೇ ಅಮ್ಮ. ಎಂಟನೇ ಕ್ಲಾಸಿಗೆ ಹೈಸ್ಕೂಲು ಅಂದ ಕೂಡಲೇ ಇಷ್ಟೂ ಒಂದೇ ದಿನದಲ್ಲಿ ಬದಲಾಗುತ್ತದೆ. ವಿಷಯಕ್ಕೊಬ್ಬ ಮೇಷ್ಟ್ರು, ಪೀರಿಯಡ್ಡಿಗೊಂದು ಬೆಲ್ಲು, ಬೇರೆ ಬೇರೆ ಊರಿನ ಮಕ್ಕಳು, ಬಸ್ಸು, ಜನ. ಉಳಿದ ಮಕ್ಕಳಿಗೆ ಒಂದು ವಾರದಲ್ಲಿ ಒಗ್ಗಿಹೋಗುವ ಇದು ಆಟಿಸಂ ಇರುವ ಮಗುವಿಗೆ ತಿಂಗಳುಗಟ್ಟಲೆ ಹಿಂಸೆಯಾಗಬಹುದು. ಹೈಸ್ಕೂಲಿಗೆ ಸೇರಿಸಿ ಎರಡು ತಿಂಗಳಿಗೇ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ.

ಹಾಗಾಗಿ ಏಪ್ರಿಲ್‌ನಲ್ಲಿ ರಿಸಲ್ಟ್ ಬಂದ ಮೇಲೆ ಶಾಲೆ ಹುಡುಕೋಣ ಅಂದರೆ ತಡವಾಗಿರುತ್ತದೆ. ಏಳನೇ ತರಗತಿಯ ದಸರಾ ರಜೆ ಮುಗಿಯುತ್ತಿದ್ದಂತೆ ಓಡಾಟ ಶುರುಮಾಡುವುದು ಒಳ್ಳೆಯದು. ಶಾಲೆ ಹೇಗಿದೆ ಎಂದು ತಿಳಿಯುವುದು ತರಗತಿ ನಡೆಯುವಾಗ ಮಾತ್ರ. ಮೇ ತಿಂಗಳ ಖಾಲಿ ಕಟ್ಟಡ ನೋಡಿದರೆ ಎಲ್ಲ ಶಾಲೆಯೂ ಶಾಂತವಾಗಿಯೇ ಕಾಣುತ್ತದೆ.

'ಸ್ಪೆಷಲ್ ಸ್ಕೂಲ್' ಅಂದರೆ ಎಲ್ಲ ಒಂದೇ ಅಲ್ಲ

ಆಟಿಸಂ, ಅಂದರೆ ಸ್ವಲೀನತೆ, ಕಾಯಿಲೆ ಅಲ್ಲ. ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ತಾಯಿ ಬೆಳೆಸಿದ ರೀತಿಯಿಂದ ಬರುವಂಥದ್ದೂ ಅಲ್ಲ. ಒಂದು ಮಗು ರೈಲಿನ ವೇಳಾಪಟ್ಟಿ ಪೂರ್ತಿ ಒಪ್ಪಿಸುತ್ತದೆ, ಆದರೆ ನೀರು ಬೇಕು ಅಂತ ಕೇಳಲು ಬರುವುದಿಲ್ಲ. ಇನ್ನೊಂದು ಮಗುವಿಗೆ ಮಾತೇ ಇಲ್ಲ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಕೆಲವರಿಗೆ ಬುದ್ಧಿಮಾಂದ್ಯವೂ ಜೊತೆಗಿರುತ್ತದೆ, ಎಷ್ಟೋ ಮಕ್ಕಳಿಗೆ ಇರುವುದಿಲ್ಲ.

ಇದು ಶಾಲೆ ಆರಿಸುವಾಗ ಬಹಳ ಮುಖ್ಯ. ಆಟಿಸಂಗೆಂದೇ ಇರುವ ಶಾಲೆಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿವೆ. ಜಿಲ್ಲೆಗಳಲ್ಲಿ ಇರುವ ವಿಶೇಷ ಶಾಲೆಗಳಲ್ಲಿ ಬಹುಪಾಲು ಬುದ್ಧಿಮಾಂದ್ಯ ಮಕ್ಕಳಿಗಾಗಿ, ಇಲ್ಲವೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶುರುವಾದವು. ಅಲ್ಲಿ ಒಳ್ಳೆಯ ಶಿಕ್ಷಕರಿಲ್ಲ ಅಂತಲ್ಲ. ಆದರೆ ಲೆಕ್ಕದಲ್ಲಿ ಚುರುಕಾದ, ಮಾತು ಕಡಿಮೆ ಇರುವ ಹುಡುಗನನ್ನು ಅಲ್ಲಿಗೆ ಕಳಿಸಿದರೆ ಮೂರು ವರ್ಷ ಬಣ್ಣ ಹಚ್ಚುತ್ತಾ ಕೂರುವ ಅಪಾಯವಿದೆ. ತಿರುಗಿಸಿ ನೋಡಿದರೆ, ಶೌಚಾಲಯಕ್ಕೆ ಹೋಗಲು, ಬಟ್ಟೆ ಹಾಕಿಕೊಳ್ಳಲು ಇನ್ನೂ ಕಲಿಯಬೇಕಿರುವ ಮಗುವನ್ನು 'ಎಲ್ಲರಂತೆ ಓದಲಿ' ಎಂಬ ಹಟಕ್ಕೆ ಅರವತ್ತು ಮಕ್ಕಳ ಇಂಗ್ಲಿಷ್ ಮೀಡಿಯಂ ಕ್ಲಾಸಿಗೆ ನೂಕುವುದೂ ಅಷ್ಟೇ ತಪ್ಪು. ನೆಂಟರು ಏನಂತಾರೆ ಎಂಬ ಲೆಕ್ಕ ಇಲ್ಲಿ ಬರಲೇಬಾರದು.

ಕಾನೂನು ಏನು ಹೇಳುತ್ತದೆ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕಿದೆ. ಆರ್‌ಟಿಇ ರಕ್ಷಣೆ ಎಂಟನೇ ತರಗತಿಗೆ ನಿಂತುಬಿಡುತ್ತದೆ, ಈ ಕಾಯ್ದೆ 18ರವರೆಗೆ ಬರುತ್ತದೆ. ಇದು ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ.

ಸರ್ಕಾರದ ಅನುದಾನ ಪಡೆಯುವ ಅಥವಾ ಮಾನ್ಯತೆ ಪಡೆದ ಯಾವುದೇ ಶಾಲೆ, ಖಾಸಗಿ ಶಾಲೆಯೂ ಸೇರಿ, ವೈಕಲ್ಯದ ಕಾರಣ ಕೊಟ್ಟು ಮಗುವನ್ನು ಬೇಡ ಅನ್ನುವಂತಿಲ್ಲ. 'ನಮ್ಮಲ್ಲಿ ಅಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ ಸಾರ್' ಅಂತ ಬಾಗಿಲಲ್ಲೇ ಹೇಳಿ ಕಳಿಸಿದರೆ, ಅದನ್ನೇ ಬರಹದಲ್ಲಿ ಕೊಡಿ ಎಂದು ಕೇಳಬೇಕು. ಅರ್ಧ ಕಡೆ ಮಾತು ಅಲ್ಲೇ ಬದಲಾಗುತ್ತದೆ. ಬದಲಾಗದಿದ್ದರೆ ಬಿಇಒ ಕಚೇರಿ, ನಂತರ ಡಿಡಿಪಿಐ, ಅದಕ್ಕೂ ಮೇಲೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಹಕ್ಕಿದೆ ಅಂತ ಮನಸ್ಸಿಲ್ಲದ ಶಾಲೆಗೆ ಜಗಳವಾಡಿ ಸೇರಿಸಿದರೆ ಮಗು ಅಲ್ಲಿ ಚೆನ್ನಾಗಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹತ್ತಿರದಲ್ಲಿ ಬೇರೆ ಶಾಲೆಯೇ ಇಲ್ಲದವರಿಗೆ ಆ ಜಗಳ ಆಡದೆ ವಿಧಿಯಿಲ್ಲ.

ಕಾಗದ ಪತ್ರ

ಬೇಕಾದ ಮೊದಲ ಕಾಗದ ಯುಡಿಐಡಿ ಕಾರ್ಡು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೋ ಕೊಟ್ಟು ಅರ್ಜಿ ಹಾಕಬೇಕು, ಸೈಬರ್ ಸೆಂಟರಿನಲ್ಲೂ ಮಾಡಿಕೊಡುತ್ತಾರೆ. ನಂತರ ಆಸ್ಪತ್ರೆಯಲ್ಲಿ ವೈದ್ಯರ ತಪಾಸಣೆ. ಆಟಿಸಂ ಅಳೆಯಲು ಭಾರತದಲ್ಲಿ 'ಇಸಾ' ಎಂಬ 40 ಅಂಶಗಳ ಮಾಪಕವಿದೆ. ತಜ್ಞರು ಮಗುವನ್ನು ನೋಡಿ, ತಂದೆ ತಾಯಿಯನ್ನು ಕೇಳಿ ಅಂಕ ಹಾಕುತ್ತಾರೆ. ಆ ದಿನ ಮಗು ಹೊಸ ಜಾಗದಲ್ಲಿ ಹೇಗಿರುತ್ತದೋ ಹೇಳಲಾಗದು, ಆದ್ದರಿಂದ ಮನೆಯಲ್ಲಿ ತೆಗೆದ ಎರಡು ಮೂರು ಚಿಕ್ಕ ವಿಡಿಯೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋದರೆ ವೈದ್ಯರಿಗೂ ಸಹಾಯ.

ಕಾರ್ಡು ಕೈಗೆ ಬಂದಾಗ ಎರಡು ವಿಷಯ ನೋಡಿಕೊಳ್ಳಿ. ಸರಿಯಾಗಿ ಆಟಿಸಂ ಎಂದೇ ಬರೆದಿದ್ದಾರಾ, ಅಥವಾ ಹಳೆಯ ರೂಢಿಯಂತೆ ಬುದ್ಧಿಮಾಂದ್ಯ ಅಂತ ಮಾತ್ರ ಹಾಕಿದ್ದಾರಾ? ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ? ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಅವಧಿ ಮುಗಿದ ಕಾರ್ಡು ಹಿಡಿದು ಓಡಾಡುವುದು ಯಾರಿಗೂ ಬೇಡ.

ಜಿಲ್ಲಾ ಆಸ್ಪತ್ರೆಯಲ್ಲಿ ತಜ್ಞರು ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎರಡೂ ಸರ್ಕಾರದ ಸಂಸ್ಥೆಗಳು. ತೆರಪಿಯೂ ಸೇರಿ ಎಲ್ಲ ಬಗೆಯ ಚಿಕಿತ್ಸೆ ಖರ್ಚಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಒಟ್ಟು ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಒದಗುತ್ತದೆ, ಆಟಿಸಂ ಅದರಲ್ಲಿ ಸೇರಿದೆ.

ಅರ್ಜಿ ತುಂಬಲು ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ ಅವರನ್ನು ಕೇಳಬಹುದು, ಅವರ ಕೆಲಸವೇ ಅದು. ಶಾಲೆ ವಿಷಯಕ್ಕಾದರೆ ಬಿಆರ್‌ಸಿ ಕಚೇರಿಯಲ್ಲಿರುವ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು. ತಾಲ್ಲೂಕಿನ ಯಾವ ಹೈಸ್ಕೂಲಿನ ಹೆಡ್‌ಮಾಸ್ಟರು ಇಂಥ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಇಡೀ ತಾಲ್ಲೂಕಿಗೆ ಇರುವವರು ಬೆರಳೆಣಿಕೆಯಷ್ಟು ಜನ. ಶಾಲೆಗಳಿಗೆ ವಿಶೇಷ ಶಿಕ್ಷಕರನ್ನು ನೇಮಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹಳ್ಳಿ ಹೈಸ್ಕೂಲಿನಲ್ಲಿ ಅದು ಕಾಣಲು ಇನ್ನೂ ಕಾಯಬೇಕು.

ಶಾಲೆಗೆ ಹೋದಾಗ ಏನು ನೋಡಬೇಕು

'ನಮ್ಮ ಮಗನನ್ನು ಸೇರಿಸಿಕೊಳ್ತೀರಾ?' ಎಂದು ಕೇಳಿದರೆ ಸಿಗುವ ಉತ್ತರದಿಂದ ಉಪಯೋಗ ಕಡಿಮೆ. ಸೇರಿಸಿಕೊಳ್ತೀವಿ ಅನ್ನುವುದು ಸುಲಭ. ಕೇಳಬೇಕಾದ್ದು ಇದು: ಕ್ಲಾಸಿನ ಮಧ್ಯೆ ಅವನು ಕಿವಿ ಮುಚ್ಚಿಕೊಂಡು ಕಿರುಚಲು ಶುರುಮಾಡಿದರೆ ನೀವು ಏನು ಮಾಡ್ತೀರಿ?

'ಹೊರಗೆ ನಿಲ್ಲಿಸ್ತೀವಿ', 'ಸ್ವಲ್ಪ ಗದರಿದರೆ ಸರಿಹೋಗ್ತಾರೆ', 'ನಿಮಗೆ ಫೋನ್ ಮಾಡ್ತೀವಿ, ಬಂದು ಕರ್ಕೊಂಡು ಹೋಗಿ': ಈ ಮೂರರಲ್ಲಿ ಯಾವುದು ಬಂದರೂ ಆ ಶಾಲೆ ಇನ್ನೂ ತಯಾರಾಗಿಲ್ಲ ಎಂದರ್ಥ. ಸ್ಟಾಫ್ ರೂಮಿನ ಮೂಲೆಯಲ್ಲೋ ಲೈಬ್ರರಿಯಲ್ಲೋ ಹತ್ತು ನಿಮಿಷ ಸುಮ್ಮನೆ ಕೂರಿಸಿ, ಯಾವುದರಿಂದ ಹೀಗಾಯಿತು ಅಂತ ನೋಡ್ತೀವಿ ಅನ್ನುವ ಮೇಷ್ಟ್ರು ಒಬ್ಬರೇ ಸಿಕ್ಕಿದರೂ ಸಾಕು. ಅವರು ಯಾವ ತರಬೇತಿಯನ್ನೂ ಪಡೆದಿರಬೇಕಿಲ್ಲ. ದೊಡ್ಡ ಕಟ್ಟಡ, ಸ್ಮಾರ್ಟ್ ಕ್ಲಾಸು, ಶೇ 100 ಫಲಿತಾಂಶದ ಬ್ಯಾನರ್ ಯಾವುದೂ ಇದರ ಮುಂದೆ ಲೆಕ್ಕಕ್ಕಿಲ್ಲ. ನೂರಕ್ಕೆ ನೂರು ಬರಬೇಕು ಎನ್ನುವ ಶಾಲೆ ಒಂಬತ್ತನೇ ಕ್ಲಾಸಿನಲ್ಲಿ ಟಿ.ಸಿ. ತಗೊಳ್ಳಿ ಅಂತ ಮೆಲ್ಲಗೆ ಹೇಳುವ ಶಾಲೆಯೂ ಆಗಿರಬಹುದು.

ಊಟದ ಹೊತ್ತಿಗೆ ಹೋಗಿ ನಿಲ್ಲಿ. ಇಡೀ ಶಾಲೆ ಅತಿ ಹೆಚ್ಚು ಗಲಾಟೆಯಾಗುವುದು ಆಗ. ತಟ್ಟೆ ಸದ್ದು, ಸಾರಿನ ವಾಸನೆ, ಸಾಲಿನ ನೂಕಾಟ. ಮಗು ಬೇರೆ ಕಡೆ ಕೂತು ಮನೆಯ ಡಬ್ಬಿ ತಿನ್ನಬಹುದಾ ಎಂದು ಕೇಳಿ. ಶೌಚಾಲಯಕ್ಕೆ ಚಿಲಕ ಇದೆಯಾ, ನೀರಿದೆಯಾ ಎಂದು ಒಳಗೆ ಹೋಗಿ ನೋಡಿ. ಹನ್ನೆರಡು ಹದಿಮೂರರ ಮಕ್ಕಳಿಗೆ ಮೈ ಬದಲಾಗುವ ಕಾಲ ಇದು. ಮುಟ್ಟಾದ ಹುಡುಗಿಗೆ ಪ್ಯಾಡ್ ಬದಲಿಸಲು ನೆರವಾಗುವ ಶಿಕ್ಷಕಿ ಯಾರು ಎಂದು ಹೆಸರು ಹಿಡಿದೇ ಕೇಳಬೇಕು, ನಾಚಿಕೆ ಬೇಡ.

ಗೇಟು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಆಟಿಸಂ ಇರುವ ಎಷ್ಟೋ ಮಕ್ಕಳು ಹೇಳದೆ ಎದ್ದು ನಡೆದುಬಿಡುತ್ತಾರೆ, ಅವರಲ್ಲಿ ಹಲವರಿಗೆ ನೀರೆಂದರೆ ವಿಪರೀತ ಸೆಳೆತ. ಶಾಲೆ ಪಕ್ಕ ಕೆರೆ, ನಾಲೆ, ತೆರೆದ ಬಾವಿ, ಹೆದ್ದಾರಿ ಇದ್ದು ಕಾಂಪೌಂಡ್ ಅರ್ಧಕ್ಕೆ ನಿಂತಿದ್ದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಎರಡು ಸಲ ಯೋಚಿಸಬೇಕು.

ಇನ್ನು ಉಳಿದ ಮಕ್ಕಳು. ಹೈಸ್ಕೂಲಿನಲ್ಲಿ ಅಣಕಿಸುವುದು, ಅಡ್ಡಹೆಸರು ಇಡುವುದು ಪ್ರೈಮರಿಗಿಂತ ಜಾಸ್ತಿ, ಮತ್ತು ಈ ಮಗು ಅದನ್ನು ಮನೆಗೆ ಬಂದು ಹೇಳುವುದಿಲ್ಲ. ಅದೇ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನೋ ಚಿಕ್ಕಪ್ಪನ ಮಗಳೋ ಇದ್ದರೆ, ಹತ್ತು ಕಿಲೋಮೀಟರ್ ದೂರದ 'ಒಳ್ಳೆ' ಶಾಲೆಗಿಂತ ಅದೇ ವಾಸಿ.

ವಿಶೇಷ ಶಾಲೆ, ಹಾಸ್ಟೆಲ್

ವಿಶೇಷ ಶಾಲೆಗೆ ಹೋದರೆ ಕೇಳಬೇಕಾದ ಕಾಗದ ಎರಡು. ಸಂಸ್ಥೆ 2016ರ ಕಾಯ್ದೆಯಡಿ ನೋಂದಣಿ ಆಗಿದೆಯೇ? ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇದೆಯೇ? ಜೊತೆಗೆ ಈ ಮಗುವಿಗೆ ಈ ವರ್ಷ ಏನು ಕಲಿಸುತ್ತೀರಿ ಎಂಬುದನ್ನು ಬರೆದುಕೊಡಿ ಅನ್ನಬೇಕು. ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಅದನ್ನು ಕರೆಯುತ್ತಾರೆ. ಎಲ್ಲ ಮಕ್ಕಳಿಗೂ ಒಂದೇ ಜೆರಾಕ್ಸ್ ಪ್ರತಿ ತೋರಿಸಿದರೆ ಅಲ್ಲಿಂದ ಎದ್ದು ಬರುವುದೇ ಮೇಲು.

ದೂರದ ವಸತಿ ಶಾಲೆಯ ವಿಷಯದಲ್ಲಿ ಆತುರ ಬೇಡ. ಅಂಗಡಿ ವ್ಯಾಪಾರ, ಹೊಲದ ಕೆಲಸ ಮಾಡುವ ಮನೆಗಳಲ್ಲಿ ದಿನವಿಡೀ ಮಗುವನ್ನು ನೋಡಿಕೊಳ್ಳುವುದು ಕಷ್ಟ ನಿಜ, ಹಾಸ್ಟೆಲ್‌ಗೆ ಹಾಕಿದವರನ್ನು ತಪ್ಪು ಅನ್ನಲಾಗದು. ಆದರೆ ನಡೆದದ್ದನ್ನು ಹೇಳಲು ಬಾರದ ಮಗುವಿಗೆ ಅಪಾಯ ಹೆಚ್ಚು. ಮುಂಚೆ ತಿಳಿಸದೆ ಯಾವ ದಿನ ಬಂದರೂ ಮಲಗುವ ಕೋಣೆವರೆಗೆ ಬಿಡುತ್ತಾರಾ ಎಂದು ಕೇಳಿ. 'ಮೊದಲ ಮೂರು ತಿಂಗಳು ಬರಬೇಡಿ, ಒಗ್ಗಲ್ಲ' ಎನ್ನುವ ಕಡೆ ಬಿಡಬೇಡಿ. ರಾತ್ರಿ ಜೊತೆಗಿರುವವರು ಯಾರು, ಗಂಡಸರಾ ಹೆಂಗಸರಾ, ಒಬ್ಬರೇನಾ ಎಂಬುದನ್ನೂ ತಿಳಿದುಕೊಳ್ಳಿ. ಮಗು ರಜೆಗೆ ಬಂದಾಗ ಸ್ನಾನ ಮಾಡಿಸುತ್ತಾ ಮೈ ನೋಡಬೇಕು. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098.

ಎಸ್‌ಎಸ್‌ಎಲ್‌ಸಿ ಯೋಚನೆ ಎಂಟರಲ್ಲೇ

625 ಅಂಕದ ಎಸ್‌ಎಸ್‌ಎಲ್‌ಸಿಯಲ್ಲಿ ಅರ್ಧಕ್ಕಿಂತ ಹೆಚ್ಚು, 325 ಅಂಕ, ಮೂರು ಭಾಷೆಗಳದ್ದೇ. ಮಾತು, ಬರವಣಿಗೆಯೇ ಕಷ್ಟವಾದ ಮಗು ಎಡವುವುದು ಇಲ್ಲೇ. ಹೆಚ್ಚುವರಿ ಸಮಯ, ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ: ಇಂಥ ಬದಲಾವಣೆಗಳನ್ನು ಮಾಡಿಕೊಡಬೇಕು ಎಂದು 2016ರ ಕಾಯ್ದೆಯಲ್ಲೇ ಇದೆ. ಇದು ತಾನಾಗಿ ಬರುವುದಿಲ್ಲ, ಹೆಡ್‌ಮಾಸ್ಟರ ಮೂಲಕ ದಾಖಲೆ ಸಮೇತ ಅರ್ಜಿ ಹೋಗಬೇಕು. ಸೇರಿಸುವ ದಿನವೇ ಎಸ್‌ಎಟಿಎಸ್‌ನಲ್ಲಿ ವಿಶೇಷ ಅಗತ್ಯದ ಮಗು ಎಂದು ನಮೂದು ಮಾಡಿಸಿ. ಪರೀಕ್ಷೆ ದಿನ ಮೊದಲ ಸಲ ನೋಡಿದ ಅಪರಿಚಿತರ ಪಕ್ಕ ಕೂತು ಉತ್ತರ ಹೇಳು ಅಂದರೆ ಆಟಿಸಂ ಮಗು ಬಾಯಿ ಬಿಡುವುದಿಲ್ಲ, ಹಾಗಾಗಿ ಬರೆದುಕೊಡುವವರ ಜೊತೆ ಒಂಬತ್ತನೇ ತರಗತಿಯ ಪರೀಕ್ಷೆಗಳಲ್ಲೇ ಅಭ್ಯಾಸ ಆಗಬೇಕು.

ಇದೂ ಆಗದು ಅಂದವರಿಗೆ ಎನ್‌ಐಒಎಸ್ ಇದೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾದರೆ ಸಾಕು, ಗಣಿತ ಕಡ್ಡಾಯವಲ್ಲ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಗಣಿತ, ವಿಜ್ಞಾನ ಬಿಟ್ಟರೆ ಮುಂದೆ ಡಿಪ್ಲೊಮಾದಂಥ ಬಾಗಿಲು ಮುಚ್ಚುತ್ತದೆ ಎಂಬುದು ನೆನಪಿರಲಿ. ಹತ್ತಿರದ ಕೇಂದ್ರ ಯಾವುದು, ಯಾವ ಮಾಧ್ಯಮ ಎಂದು ಮೊದಲೇ ವಿಚಾರಿಸಿ.

ಹೋಗಿಬರುವ ದಾರಿ

ಕೆಎಸ್‌ಆರ್‌ಟಿಸಿಯಲ್ಲಿ ವಿಕಲಚೇತನರಿಗೆ ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ ರಿಯಾಯಿತಿ ಪಾಸ್ ಇದೆ. ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಭತ್ಯೆ, ಜೊತೆಗೆ ಬರುವವರಿಗೆ ಬೆಂಗಾವಲು ಭತ್ಯೆ, ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹ ಧನವೂ ಇದೆ. ಬಿಆರ್‌ಸಿಯಲ್ಲಿ ಕೇಳಬೇಕು.

ಶಾಲೆ ಶುರುವಾಗುವ ಮುಂಚೆ, ಮೇ ಕೊನೆಯ ವಾರ, ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಮಗುವನ್ನು ಶಾಲೆವರೆಗೆ ನಡೆಸಿಕೊಂಡು ಹೋಗಿ ಬನ್ನಿ. ಗೇಟು, ತರಗತಿ, ಶೌಚಾಲಯ, ಮೇಷ್ಟ್ರ ಫೋಟೋ ತೆಗೆದು ಮನೆಯ ಗೋಡೆಗೆ ಅಂಟಿಸಿ. ಮೊದಲ ವಾರ ಊಟದವರೆಗೆ ಮಾತ್ರ ಇರಿಸಿಕೊಳ್ಳಿ ಎಂದು ಹೆಡ್‌ಮಾಸ್ಟರನ್ನು ಕೇಳಿದರೆ ಒಪ್ಪುವವರೇ ಹೆಚ್ಚು.

ಆ ದಾರಿಯಲ್ಲಿರುವ ಬೇಕರಿ, ಮೆಡಿಕಲ್ ಸ್ಟೋರ್, ಸೈಕಲ್ ಶಾಪ್, ಆಟೋ ಸ್ಟ್ಯಾಂಡಿನವರಿಗೆ ಮಗುವಿನ ಮುಖ ಪರಿಚಯ ಮಾಡಿಸಿ, ಮನೆಯ ಫೋನ್ ನಂಬರ್ ಕೊಟ್ಟಿರಬೇಕು. ಅಂಗಡಿಯವರು ಮಾಡಬೇಕಾದ್ದು ಇಷ್ಟೇ: ಆ ಮಗು ಒಂಟಿಯಾಗಿ ಬಂದು ನಿಂತರೆ ಕೂಗಾಡಬೇಡಿ, ಕೈ ಹಿಡಿದು ಎಳೆಯಬೇಡಿ, ಸುತ್ತ ಜನ ಸೇರಿಸಬೇಡಿ. ಅಂಗಡಿಯೊಳಗೆ ಫ್ಯಾನ್ ಕೆಳಗೆ ಕೂರಿಸಿ, ಆ ನಂಬರಿಗೆ ಫೋನ್ ಮಾಡಿ.