ಹುರಿದ ಊಲಾಂಗ್, ಹಸಿರು ಊಲಾಂಗ್ ಮತ್ತು ಬಬ್ಬೂರಿನ ಪುಡಿ ಟೀ

ಇವತ್ತಿನ ಸಂಚಿಕೆಯಲ್ಲಿ ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಶುರು ಮಾಡ್ತೀನಿ. ಒಂದು ಟೀಯನ್ನ 'ಸಾಂಪ್ರದಾಯಿಕ' ಅಂತ ಕರೆಯೋಕೆ ಅದಕ್ಕೆ ಎಷ್ಟು ವಯಸ್ಸಾಗಿರಬೇಕು?

ನಾನು ಹಿರಿಯೂರು ಪಕ್ಕದ ಬಬ್ಬೂರಿನವನು. ಕೃಷಿ ಸಂಶೋಧನಾ ಕೇಂದ್ರ ಇರೋದ್ರಿಂದ ಬಬ್ಬೂರು ಫಾರಂ ಅಂದ್ರೆ ಹೊರಗಿನವರಿಗೂ ಗೊತ್ತಾಗುತ್ತೆ. ನಮ್ಮದು ಶೇಂಗಾ, ರಾಗಿ, ಜೋಳದ ಸೀಮೆ. ಟೀ ಗಿಡ ಇಲ್ಲಿ ಬದುಕೋ ಹಾಗಿಲ್ಲ. ಅದಕ್ಕೆ ಬೇಕಾದ ಮಳೆಯ ಅರ್ಧವೂ ನಮಗೆ ಬೀಳೋದು ಕಷ್ಟ. ನಮ್ಮ ವೇದಾವತಿ ಹುಟ್ಟೋದು ಬಾಬಾಬುಡನ್ ಗಿರಿಯ ಕಡೆ, ಅಂದ್ರೆ ಕಾಫಿಯ ಸೀಮೆಯಲ್ಲಿ. ಆದರೂ ಹೆದ್ದಾರಿ ಬದಿಯ ಗೂಡಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಜೊತೆ ಜನ ಕೇಳೋದು ಟೀ. ಅದೂ ಒನ್ ಬೈ ಟು.

ಈಗ ಸ್ವಲ್ಪ ದೂರ ಹೋಗೋಣ, ಚೀನಾದ ಫುಜಿಯನ್ ಪ್ರಾಂತ್ಯಕ್ಕೆ. ಊಲಾಂಗ್ ಅನ್ನೋ ಟೀ ಅಲ್ಲಿಯದು. ಹಸಿರು ಟೀಗೂ ನಮ್ಮ ಕಪ್ಪು ಟೀಗೂ ನಡುವಿನದ್ದು ಅಂದ್ಕೊಳ್ಳಿ. ಕಿತ್ತ ಎಲೆಯನ್ನು ಬಿಸಿಲಲ್ಲಿ ಬಾಡಿಸ್ತಾರೆ. ಆಮೇಲೆ ಬಿದಿರಿನ ಮೊರದಂಥ ತಟ್ಟೆಯಲ್ಲಿ ಹಾಕಿ ಮತ್ತೆ ಮತ್ತೆ ಅಲುಗಾಡಿಸ್ತಾರೆ. ಎಲೆಯ ಅಂಚು ಜಜ್ಜಿ, ಗಾಳಿ ತಾಗಿ ಕೆಂಪಾಗುತ್ತೆ. ನಡುಭಾಗ ಹಸಿರಾಗೇ ಇರುತ್ತೆ. ಬೇಕಾದಷ್ಟು ಕೆಂಪಾದ ಕೂಡಲೇ ಕಾದ ಬಾಣಲೆಗೆ ಹಾಕಿ ಆ ಬದಲಾವಣೆಯನ್ನು ನಿಲ್ಲಿಸ್ತಾರೆ. ಆಮೇಲೆ ಉಜ್ಜಿ, ಸುತ್ತಿ, ಒಣಗಿಸೋದು. ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಅನ್ನೋದೇ ಇದರ ವಿದ್ಯೆ.

ಹಳೇ ಶೈಲಿಯಲ್ಲಿ ಇನ್ನೊಂದು ಹಂತ ಮುಖ್ಯ: ಹುರಿಯೋದು. ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಬಿದಿರಿನ ಬುಟ್ಟಿ ಇಟ್ಟು, ಗಂಟೆಗಟ್ಟಲೆ ನಿಧಾನವಾಗಿ ಕಾಯಿಸ್ತಾರೆ. ನಮ್ಮ ಕಡೆಯವರಿಗೆ ಹಸಿ ಶೇಂಗಾಕ್ಕೂ ಹುರಿದ ಶೇಂಗಾಕ್ಕೂ ಇರೋ ವ್ಯತ್ಯಾಸ ಹೇಳಿದ್ರೆ ಸಾಕು. ಟೀ ಕಡು ಬಣ್ಣಕ್ಕೆ ತಿರುಗುತ್ತೆ, ರುಚಿ ಗಟ್ಟಿಯಾಗುತ್ತೆ. ತೇವ ಹೋಗಿರೋದ್ರಿಂದ ವರ್ಷಗಟ್ಟಲೆ ಇಡಬಹುದು, ಹಡಗಲ್ಲಿ ತಿಂಗಳುಗಟ್ಟಲೆ ಸಾಗಿಸಬಹುದು. ಅಂದ್ರೆ ಆ ರುಚಿಯಲ್ಲಿ ದೂರದ ಸಾಗಣೆಯ ಲೆಕ್ಕಾಚಾರವೂ ಇತ್ತು.

ಹೊಸ ಶೈಲಿ ಬಂದಿದ್ದು ತೀರಾ ಈಚೆಗೆ. ಫುಜಿಯನ್‌ನ ಆನ್‌ಶಿ ಕಡೆಯ ಟಿಯೆಗ್ವಾನ್‌ಯಿನ್ ಊಲಾಂಗ್ 1990ರ ದಶಕದ ಹೊತ್ತಿಗೆ ಹಸಿರು ಬಣ್ಣಕ್ಕೆ, ಹೂವಿನ ಪರಿಮಳಕ್ಕೆ ಹೊರಳಿತು. ಎಲೆ ಬಾಡಿಸೋ ಕೋಣೆಗೆ ಏಸಿ ಬಂತು. ಅಂಚು ಕೆಂಪಾಗೋದು ಕಮ್ಮಿಯಾಯಿತು, ಹುರಿಯೋದು ಹೆಸರಿಗಷ್ಟೇ ಉಳಿಯಿತು. ಕುಡಿದರೆ ಹಗುರ, ಘಮ ಜೋರು. ಆದರೆ ಕೆಲವು ತಿಂಗಳಲ್ಲಿ ಆ ಘಮ ಹೋಗುತ್ತೆ. ಹಾಗಾಗಿ ಗಾಳಿ ತೆಗೆದ ಪೊಟ್ಟಣ ಬೇಕು, ಫ್ರಿಜ್ ಬೇಕು. ಇದ್ದಿಲ ಮುಂದೆ ರಾತ್ರಿಯಿಡೀ ಕೂರುತ್ತಿದ್ದ ಕೈಗಳಿಗೆ ಕೆಲಸ ಕಮ್ಮಿಯಾಯಿತು.

ಇದಕ್ಕೆ ಕಾರಣ ಹುಡುಕಿದ್ರೆ ತೈವಾನ್ ಕತೆ ನೋಡಬೇಕು. 1869ರಲ್ಲಿ 'ಫಾರ್ಮೋಸಾ ಊಲಾಂಗ್' ಅನ್ನೋ ಹೆಸರಲ್ಲಿ ಅಲ್ಲಿನ ಟೀ ಹಡಗೇರಿ ನ್ಯೂಯಾರ್ಕಿಗೆ ಹೋಯಿತು. ಸುಮಾರು ನೂರು ವರ್ಷ ಅಲ್ಲಿ ಟೀ ಅಂದ್ರೆ ರಫ್ತಿನ ಸರಕು. 1970ರ ದಶಕದಿಂದ ಕೂಲಿ ಏರಿತು, ರಫ್ತು ಕುಸಿಯಿತು, ತೈವಾನಿನ ಜನರ ಕೈಯಲ್ಲೇ ಹಣ ಓಡಾಡತೊಡಗಿತು. ಟೀ ಊರಿನವರಿಗಾಗಿ ತಯಾರಾಗತೊಡಗಿತು. ಎತ್ತರದ ಬೆಟ್ಟಗಳಲ್ಲಿ ಬೆಳೆದ, ತಾಜಾ ಘಮದ, ದುಬಾರಿ ಎಲೆ ಬಂತು. ಈ ರುಚಿ, ಈ ಯಂತ್ರಗಳು ಚೀನಾದ ಆನ್‌ಶಿಗೂ ದಾಟಿದವು. ಕುಡಿಯೋರು ಬದಲಾದಾಗ ಟೀನೇ ಬದಲಾಯಿತು.

ಈಗ ನಮ್ಮ ದೇಶಕ್ಕೆ ಬನ್ನಿ. ಇಲ್ಲೂ ಅದೇ ಆಯಿತು, ಆದರೆ ಫಲ ಪೂರಾ ಉಲ್ಟಾ. ಅಸ್ಸಾಂ ಟೀ ಲಂಡನ್ನಿನ ಹರಾಜಿಗೆ ಬಂದದ್ದು 1839ರಲ್ಲಿ. ಮೊದಮೊದಲು ಟೀ ಮಾಡೋಕೆ ಚೀನಾದಿಂದಲೇ ಕುಶಲಿಗರನ್ನು ಕರೆಸಿದ್ದರು. ಎಲೆ ಬಾಡಿಸಿ, ಸುರುಳಿ ಮಾಡಿ, ಕಪ್ಪಾಗಿಸಿ, ಒಣಗಿಸೋ ಆ ಕ್ರಮವನ್ನೇ ಈಗ 'ಆರ್ಥೊಡಾಕ್ಸ್' ಅಂತೀವಿ. ಬೆಳೆದದ್ದೆಲ್ಲ ಬಹುಪಾಲು ಹಡಗು ಹತ್ತುತ್ತಿತ್ತು. 1903ರಲ್ಲಿ ಟೀ ಸೆಸ್ ಕಾಯ್ದೆ ಬಂತು. ಆ ಹಣದಲ್ಲಿ ಮುಂದೆ ಈ ದೇಶದವರಿಗೂ ಟೀ ಕುಡಿಸೋ ಪ್ರಚಾರ ಶುರುವಾಯಿತು. ರೈಲು ನಿಲ್ದಾಣಗಳಲ್ಲಿ ಅಂಗಡಿ, ಕಾರ್ಖಾನೆಗಳಲ್ಲಿ ಟೀ ವಿರಾಮ, ಹೇಗೆ ಮಾಡಬೇಕು ಅನ್ನೋ ಜಾಹೀರಾತು. ಆದರೂ ಎಲೆ ಟೀ ದುಬಾರಿ. ಬಡವರ ಮನೆಗೆ ಅದು ಒಳಗೆ ಬರಲಿಲ್ಲ.

ಬಾಗಿಲು ತೆಗೆದದ್ದು ಒಂದು ಯಂತ್ರ. 1930ರ ಸುಮಾರಿಗೆ ಅಸ್ಸಾಂನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಸಿಟಿಸಿ ಯಂತ್ರ. ಹಲ್ಲಿರುವ ಎರಡು ಉರುಳೆಗಳ ನಡುವೆ ಎಲೆ ಜಜ್ಜಿ, ಹರಿದು, ಕಾಳಿನಂತೆ ಸುತ್ತಿಕೊಳ್ಳುತ್ತೆ. ಬೇಗ ಬಣ್ಣ ಬಿಡುತ್ತೆ, ಒಂದು ಕಿಲೋದಲ್ಲಿ ಹೆಚ್ಚು ಲೋಟ ಆಗುತ್ತೆ, ಹಾಲು ಸಕ್ಕರೆ ಹಾಕಿ ಕುದಿಸಿದರೂ ಕಡಕ್ ಕಳ್ಕೊಳ್ಳಲ್ಲ. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಇದು ದೇಶದ ತುಂಬ ಹರಡಿತು. ಇವತ್ತು ಭಾರತದಲ್ಲಿ ತಯಾರಾಗೋ ಟೀಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಿಟಿಸಿಯೇ.

ಅಂದ್ರೆ ಬಬ್ಬೂರಿನಲ್ಲಿ ನಾವು 'ಹಿಂದಿನಿಂದಲೂ ಬಂದದ್ದು' ಅಂತ ಕುಡಿಯೋ ಟೀಗೆ ನೂರು ವರ್ಷವೂ ಆಗಿಲ್ಲ. ಟೀ ಲೋಕದ ಲೆಕ್ಕದಲ್ಲಿ ನಮ್ಮದೇ ಆಧುನಿಕ ಶೈಲಿ. ಎಲೆ ಟೀ ಸಂಪ್ರದಾಯ. ತೈವಾನಿನಲ್ಲಿ ಊರಿನ ಗಿರಾಕಿ ಸಿಕ್ಕಾಗ ಎಲೆ ಇಡಿಯಾಗಿ ಉಳಿದು ದುಬಾರಿಯಾಯಿತು. ನಮ್ಮಲ್ಲಿ ಊರಿನ ಗಿರಾಕಿ ಸಿಕ್ಕಾಗ ಎಲೆ ಪುಡಿಯಾಗಿ ಅಗ್ಗವಾಯಿತು. ವ್ಯತ್ಯಾಸ ನಾಲಿಗೆಯದ್ದಲ್ಲ, ಜೇಬಿನದ್ದು.

ಹಾಗಾದ್ರೆ ಕಳ್ಕೊಂಡಿದ್ದೇನು, ಗಳಿಸಿದ್ದೇನು? ನಿಧಾನವಾಗಿ ಎಲೆ ಸುತ್ತೋ ಕಸುಬು ಕುಗ್ಗಿತು, ಎಲೆಯ ಸೂಕ್ಷ್ಮ ಘಮ ಹಾಲಲ್ಲಿ ಮುಳುಗಿತು. ಇದು ನಷ್ಟವೇ, ಅಲ್ಲ ಅನ್ನಲ್ಲ. ಆದರೆ ಶೇಂಗಾ ಕೀಳೋಕೆ ಬಂದ ಆಳಿಗೂ ಹೊಲದ ಗೌಡರಿಗೂ ಒಂದೇ ಪಾತ್ರೆಯ ಟೀ ಸಿಗೋದು ಸಣ್ಣ ಮಾತಲ್ಲ. ಹಾಗೆ ಸಿಗುವಾಗಲೂ ಲೋಟ ಬೇರೆ ಇಡುತ್ತಿದ್ದ ಅಂಗಡಿಗಳಿದ್ದವು ಅನ್ನೋದನ್ನು ನಾವು ಮರೆಯಬಾರದು. ಯಂತ್ರ ಬೆಲೆ ಇಳಿಸಿತು. ಲೋಟದ ಭೇದ ಅಳಿಸೋದು ಯಂತ್ರದ ಕೆಲಸ ಅಲ್ಲ, ಅದನ್ನ ಜನ ಹೋರಾಡಿ ಮಾಡಬೇಕಾಯಿತು.

ಚೀನಾದಲ್ಲಿ ಈಗ ಹುರಿದ ಊಲಾಂಗನ್ನೇ ಹುಡುಕಿ ಕೊಳ್ಳೋರು ಇದ್ದಾರೆ. ಇಲ್ಲೂ ಚಿಕ್ಕಮಗಳೂರು, ನೀಲಗಿರಿಯ ಎಲೆ ಟೀ ಕೇಳೋರು ಇದ್ದಾರೆ. ಒಳ್ಳೆಯದೇ. ಯಾರಾದರೂ 'ಇದೇ ನಿಜವಾದ ಟೀ' ಅಂದಾಗ ಮಾತ್ರ ಒಂದು ಮಾತು ಕೇಳಿ ನೋಡಿ: ಯಾವ ಕಾಲದ್ದು, ಯಾರಿಗಾಗಿ ಮಾಡಿದ್ದು, ಆಗ ಅದನ್ನ ಕೊಳ್ಳೋಕೆ ಯಾರಿಗೆ ಆಗುತ್ತಿತ್ತು?