ಸೊಂಟದ ಕೀಲು ಬದಲಾವಣೆಯ ನಂತರದ ಚೇತರಿಕೆ

ಸವೆದ ಅಥವಾ ಮುರಿದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಕೂರಿಸಿದ ಮೇಲೆ ರೋಗಿ ಎಷ್ಟು ನಡೆಯಬೇಕು, ಎಲ್ಲಿ ನಿಲ್ಲಿಸಬೇಕು, ನೋವನ್ನು ಹೇಗೆ ಹತೋಟಿಯಲ್ಲಿಡಬೇಕು ಎಂಬ ತಿಳಿವಳಿಕೆ ನೂರೈವತ್ತು ವರ್ಷಗಳಲ್ಲಿ ತಲೆಕೆಳಗಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಆಡುಮಾತಿನಲ್ಲಿ ಇದು ‘ಸ್ವಂಟದ ಆಪರೇಷನ್’. ನಡುವಿನ ನೋವಿಗೂ ‘ಸ್ವಂಟ ನೋವು’ ಎಂದೇ ಹೇಳುವುದರಿಂದ ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ. ಸೊಂಟದ ಕೀಲು ಸವೆದರೆ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ತೊಡೆಸಂದಿಯಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ. ಹಾಗಾಗಿ ವರ್ಷಗಟ್ಟಲೆ ನಡುವಿಗೆ ಎಣ್ಣೆ ತಿಕ್ಕಿಸಿಕೊಂಡು ಕೊನೆಗೆ ಎಕ್ಸ್‌ರೇ ತೆಗೆಸಿದವರು ಅಪರೂಪವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೀಲುನೋವಿಗೆ ಇದ್ದ ಮುಖ್ಯ ಮದ್ದು ಅಲುಗಾಡದೆ ಮಲಗುವುದು. ಲಂಡನ್ನಿನ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ವಿಶ್ರಾಂತಿಯನ್ನೇ ಚಿಕಿತ್ಸೆಯೆಂದು ವಾದಿಸಿದ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ 1875ರಲ್ಲಿ ಸೊಂಟ, ಮೊಣಕಾಲು, ಹರಡಿನ ಕೀಲುಗಳ ರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ವಿಶ್ರಾಂತಿ ಕಡ್ಡಾಯವಾಗಿರಬೇಕು, ನಡುವೆ ತುಂಡಾಗಬಾರದು, ದೀರ್ಘವಾಗಿರಬೇಕು ಎಂದು ಪಟ್ಟು ಹಿಡಿದ. ಆ ಕಾಲಕ್ಕೆ ಅದು ತಪ್ಪೂ ಆಗಿರಲಿಲ್ಲ. ಅವನ ಮುಂದಿದ್ದ ರೋಗಿಗಳಲ್ಲಿ ಅನೇಕರಿಗೆ ಕ್ಷಯ ಕೀಲಿಗಿಳಿದಿತ್ತು, ಅದಕ್ಕೆ ಔಷಧವಿರಲಿಲ್ಲ. ತೊಂದರೆಯಾದದ್ದು ಔಷಧ ಬಂದ ಮೇಲೂ ಆ ನಂಬಿಕೆ ಕದಲದೆ ಉಳಿದದ್ದರಿಂದ.

ಅದನ್ನು ಅಲುಗಾಡಿಸಿದವರಲ್ಲಿ ಇಬ್ಬರು ಮುಖ್ಯರು. ಅಮೆರಿಕದ ವಿಲಿಯಂ ಡಾಕ್ 1944ರಲ್ಲೂ ಇಂಗ್ಲೆಂಡಿನ ರಿಚರ್ಡ್ ಆಶರ್ 1947ರಲ್ಲೂ ಹಾಸಿಗೆಯೇ ರೋಗಿಗೆ ಅಪಾಯ ಎಂದು ಬರೆದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಶ್ವಾಸಕೋಶದ ಸೋಂಕು, ಬೆನ್ನಿನ ಹುಣ್ಣು, ಸ್ನಾಯುಗಳು ಸೊರಗುವುದು ಎಲ್ಲ ಮಲಗಿದ್ದರಿಂದಲೇ ಬರುತ್ತವೆ ಎಂಬುದು ಅವರ ವಾದ.

ಕೃತಕ ಕೀಲಿನ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಬರ್ಲಿನ್ನಿನ ಥೆಮಿಸ್ಟೊಕ್ಲೀಸ್ ಗ್ಲುಕ್ 1890ರ ಆಸುಪಾಸಿನಲ್ಲಿ ದಂತದ ಕೀಲುಗಳನ್ನು ಕೂರಿಸಿ ನೋಡಿದ. 1938ರಲ್ಲಿ ಲಂಡನ್ನಿನ ಫಿಲಿಪ್ ವೈಲ್ಸ್ ಉಕ್ಕಿನ ಕೀಲು ಹಾಕಿದ. ಇವು ಪ್ರಯೋಗಗಳಾಗಿಯೇ ಉಳಿದವು. ಗೆದ್ದವನು ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಮೊದಲು ಟೆಫ್ಲಾನ್ ಬಟ್ಟಲು ಬಳಸಿ, ಅದು ಬೇಗ ಸವೆದು ಸೋತ ಮೇಲೆ, 1962ರ ನವೆಂಬರಿನಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲಿಗೆ ಬದಲಾಯಿಸಿದ. ಲೋಹದ ಸಣ್ಣ ಗುಂಡನ್ನೂ ಬಟ್ಟಲನ್ನೂ ಅಕ್ರಿಲಿಕ್ ಸಿಮೆಂಟಿನಿಂದ ಮೂಳೆಗೆ ಬಿಗಿಯುವುದು ಅವನ ವಿಧಾನ. ಕೀಲಿಗೆ ದಾರಿ ಮಾಡಿಕೊಳ್ಳಲು ತೊಡೆಮೂಳೆಯ ಮೇಲ್ತುದಿಯ ಉಬ್ಬನ್ನು ಕತ್ತರಿಸಿ ಆಮೇಲೆ ತಂತಿಯಿಂದ ಮತ್ತೆ ಕಟ್ಟುತ್ತಿದ್ದ. ಆ ಮೂಳೆ ಕೂಡಿಕೊಳ್ಳುವ ತನಕ ಕಾಲಿಗೆ ಭಾರ ಕೊಡಲು ಅಂಜಿಕೆ. ಆ ಕಾಲದ ಚೇತರಿಕೆ ನಿಧಾನವಾಗಿದ್ದುದಕ್ಕೆ ಇದೂ ಒಂದು ಕಾರಣ.

ನೋವಿನ ತಿಳಿವಳಿಕೆ ಬದಲಾದದ್ದು ಬೇರೆ ದಾರಿಯಲ್ಲಿ. ನೋವು ಗಾಯದಿಂದ ಮಿದುಳಿಗೆ ನೇರ ಓಡುವ ಗಂಟೆಹಗ್ಗವಲ್ಲ, ಬೆನ್ನುಹುರಿಯಲ್ಲೇ ಅದನ್ನು ತಡೆಯುವ ಅಥವಾ ಬಿಡುವ ಬಾಗಿಲಿದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1976ರ ತನ್ನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಎತ್ತಿದ. ನೋವು ಬಂದಾಗ ನಿಲ್ಲಿಸಿ, ಹೋದಾಗ ಶುರುಮಾಡುವ ರೋಗಿ ನೋವಿನ ಆಳಾಗುತ್ತಾನೆ. ಅದರ ಬದಲು ಇಂದು ಇಷ್ಟು ಹೆಜ್ಜೆ ಎಂದು ಮೊದಲೇ ಗೊತ್ತುಮಾಡಿ, ಅಷ್ಟಾದ ಕೂಡಲೇ ನೋವಿಲ್ಲದಿದ್ದರೂ ಕೂರಬೇಕು, ಮರುದಿನ ತುಸು ಹೆಚ್ಚಿಸಬೇಕು. ಫೋರ್ಡೈಸ್ ಇದನ್ನು ಹೇಳಿದ್ದು ಹಳೆಯ, ಬಿಡದ ನೋವಿನವರಿಗೆ. ಆದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದರಷ್ಟು ಉಪಯೋಗದ ಮಾತು ಇನ್ನೊಂದಿಲ್ಲ. ಮೂರನೇ ವಾರದಲ್ಲಿ ‘ಇವತ್ತು ಹಗುರಾಗಿದೆ’ ಎಂದು ಗದ್ದೆಯಂಚಿನವರೆಗೆ ಹೋಗಿ ಬಂದು ಮರುದಿನವಿಡೀ ಮಲಗುವವರನ್ನು ಎಲ್ಲ ಫಿಸಿಯೋಥೆರಪಿಸ್ಟರೂ ಬಲ್ಲರು. ನಡಿಗೆಯ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ. ಮರುದಿನ ಬೆಳಿಗ್ಗೆಗೂ ಉಳಿದರೆ ಹಿಂದಿನ ದಿನದ ಲೆಕ್ಕ ಹೆಚ್ಚಾಯಿತು ಎಂದರ್ಥ.

ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1997ರಲ್ಲಿ ಈ ಎಳೆಗಳನ್ನೆಲ್ಲ ಸೇರಿಸಿದ. ಒಂದೇ ಬಲವಾದ ಔಷಧದ ಬದಲು ಹಲವು ಬಗೆಯ ನೋವುನಿವಾರಕಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದು, ಬೇಗ ಉಣ್ಣಿಸುವುದು, ಬೇಗ ಎಬ್ಬಿಸುವುದು. ಈಗ ಅನೇಕ ಕಡೆ ಆಪರೇಷನ್ ಆದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮಾತ್ರೆಯನ್ನು ನೋವು ಏರಿದ ಮೇಲಲ್ಲ, ವ್ಯಾಯಾಮಕ್ಕೆ ಮೊದಲು ನುಂಗಿಸುವ ಕ್ರಮವೂ ಬಂತು. ನಮ್ಮವರು ಮಾತ್ರೆ ತಿನ್ನದೆ ತಡೆದುಕೊಳ್ಳುವುದನ್ನು ಹೆಚ್ಚುಗಾರಿಕೆ ಎಂದುಕೊಳ್ಳುತ್ತಾರೆ. ತಡೆದುಕೊಂಡವರು ನಡೆಯುವುದೂ ಕಡಿಮೆ.

ಈ ಕರಾವಳಿಗೆ ಸೊಂಟದ ಕೀಲಿನ ರೋಗದೊಂದಿಗೆ ವಿಶೇಷ ನಂಟಿದೆ. ಮಣಿಪಾಲದ ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳ ತೊಡೆಮೂಳೆಯ ಗುಂಡಿಗೆ ರಕ್ತ ಸಾಲದೆ ಅದು ಕುಸಿಯುವ ಪರ್ತಿಸ್ ರೋಗ ದಕ್ಷಿಣ ಭಾರತದ ಒಳನಾಡಿಗಿಂತ ಪಶ್ಚಿಮ ಕರಾವಳಿಯ ಬಯಲಿನಲ್ಲಿ ಹಲವು ಪಟ್ಟು ಹೆಚ್ಚು. ಆ ಮಕ್ಕಳಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಕೀಲು ಸವೆಯುತ್ತದೆ. ಘಟ್ಟದ ಮೇಲೆ, ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ‘ಹಂದಿಗೋಡು ಕಾಯಿಲೆ’ಯೂ ಸೊಂಟದ ಕೀಲನ್ನೇ ಹಿಡಿಯುವಂಥದು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಎಂದು ಮೊದಲು ಶಂಕಿಸಿದರು. ಅದು ವಂಶವಾಹಿ ರೋಗವೆಂದು ಮುಂದೆ ತಿಳಿಯಿತು.

ಟಿ. ಎಂ. ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿ, ಅದರ ಆಸ್ಪತ್ರೆ 1961ರಲ್ಲಿ ಮಣಿಪಾಲದಲ್ಲಿ ಶುರುವಾದ ಮೇಲೆ ದೊಡ್ಡ ಆಪರೇಷನ್ನಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದವರು ಹಿಡಿಯುವ ದಾರಿ ಹೆಚ್ಚಾಗಿ ಅದೇ ದಿಕ್ಕಿನದು. ಬ್ರಹ್ಮಾವರದವರಿಗೆ ಅದು ಪಕ್ಕದ ಊರು, ಬೈಂದೂರಿನವರಿಗೆ ಸುಮಾರು 70 ಕಿಲೋಮೀಟರ್. ಆಪರೇಷನ್ ಆಗಿ ವಾರ ಕಳೆಯದವರಿಗೆ ಈ ಅಂತರ ಹೆದ್ದಾರಿಯ ನಕ್ಷೆಯಲ್ಲಿ ಕಾಣುವಷ್ಟು ಸಣ್ಣದಲ್ಲ. ನಡುವೆ ಒಂದೆರಡು ಕಡೆ ಕಾರು ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ಹಾಕಬೇಕು.

ಚಾರ್ನ್‌ಲಿಯ ಕಾಲದಿಂದ ಬಂದ ಎಚ್ಚರಿಕೆಗಳೆಲ್ಲ ಕುರ್ಚಿ, ಮಂಚದ ಲೋಕದಲ್ಲಿ ಹುಟ್ಟಿದವು. ಇಲ್ಲಿನ ಬದುಕು ನೆಲದ ಮೇಲಿನದು. ಹಿಂಬದಿಯಿಂದ ಕೀಲು ತೆರೆದಿದ್ದರೆ ಮೊದಲ ಕೆಲವು ವಾರ ಸೊಂಟವನ್ನು ಲಂಬಕೋನಕ್ಕಿಂತ ಹೆಚ್ಚು ಮಡಚಬಾರದು, ಕಾಲಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು ಎಂಬುದು ಸಾಮಾನ್ಯ ಸೂಚನೆ. ಅಂದರೆ ಮಣೆಯಿಲ್ಲ, ಮೆಟ್ಟುಕತ್ತಿಯಿಲ್ಲ, ಚಕ್ಕಳಮಕ್ಕಳ ಹಾಕಿದ ಊಟವಿಲ್ಲ, ನೆಲಮಟ್ಟದ ಪಾಯಖಾನೆಯಿಲ್ಲ. ನಟ್ಟಿ ಗದ್ದೆಯಲ್ಲಿ ಬಗ್ಗಿ ನಿಲ್ಲುವುದಂತೂ ದೂರದ ಮಾತು. ಬಡಗುತಿಟ್ಟು ಯಕ್ಷಗಾನದ ವೇಷಧಾರಿಗೆ ಮಂಡಿ ಹಾಕಿ ಸುತ್ತುವ ಕುಣಿತವೂ ಹೋಯಿತು. ಯಂತ್ರಗಳೆಲ್ಲ ಇರುವ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲು ಬೇಕಾಗುವ ಸಾಧನ ಎತ್ತರದ ಕಮೋಡ್ ಕುರ್ಚಿ, ಎರಡನೆಯದು ಮಂಚದ ಕಾಲಿಗೆ ಇಡುವ ಮರದ ತುಂಡು.

ಇದಕ್ಕೆ ಮಳೆಗಾಲ ಸೇರಿದರೆ ನಡಿಗೆಯ ಲೆಕ್ಕವೇ ಬೇರೆ. ಪಾಚಿ ಹಿಡಿದ ಮುರಕಲ್ಲಿನ ಅಂಗಳದಲ್ಲಿ ವಾಕರ್ ಹಿಡಿದು ಇಳಿಯುವಂತಿಲ್ಲ; ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಗಲಿಯ ಉದ್ದವೇ ಅಳತೆಗೋಲು. ಇಂದು ಆರು ಸಲ, ನಾಡಿದ್ದು ಎಂಟು ಸಲ. ಜಗಲಿಯ ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಕೋಲು ಎದುರು ಬದಿಯ ಕೈಯಲ್ಲಿ. ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಜ್ವರದೊಂದಿಗೆ ಗಾಯ ಒಸರುವುದು, ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ತಿರುಗುವುದು, ಇವು ಕಾಯುವ ನೋವುಗಳಲ್ಲ. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಸೇರಿದ ಮನೆಗಳಲ್ಲಿ ಇದನ್ನೆಲ್ಲ ಗಮನಿಸುವವರು ಪಕ್ಕದ ಮನೆಯವರೇ. ‘ಹ್ವಾಯ್, ಇವತ್ತ್ ಎಷ್ಟ್ ಸಲ ನಡದ್ರಿ?’ ಎಂದು ಬೇಲಿಯಾಚೆಯಿಂದ ಕೇಳುವವರು.

ನೆಲದ ಬದುಕು ಅಷ್ಟರಲ್ಲಿ ತಾನಾಗಿಯೇ ಮೇಲೆದ್ದಿದೆ. ಮದುವೆ ಹಾಲ್‌ಗಳಲ್ಲಿ ಈಗ ಬಾಳೆಲೆ ಹಾಸುವುದು ಮೇಜಿನ ಮೇಲೆ. ನೆಲದ ಪಂಕ್ತಿ ಉಳಿದಿರುವ ದೇವಸ್ಥಾನಗಳಲ್ಲೂ ಗೋಡೆಯ ಬದಿಗೆ ನಾಲ್ಕಾರು ಕುರ್ಚಿಗಳಿರುತ್ತವೆ. ಅಲ್ಲಿ ಕೂತವರ ಪಕ್ಕ ಗೋಡೆಗೆ ಒರಗಿಸಿದ ಕೋಲು ಕಾಣುತ್ತದೆ.