ಡೈಲಿ, ರೌಂಡು, ಶಿಫ್ಟು: ಸಂಸೆ ಕಡೆಯ ಮಾತಿಗೆ ಗಡಿಯಾರ ಬಂದ ಕತೆ

‘ದಿನಾ ಕೆಲಸಕ್ಕೆ ಹೋಗ್ತಾನೆ’ ಅಂದರೂ ‘ಡೈಲಿ ಕೆಲಸಕ್ಕೆ ಹೋಗ್ತಾನೆ’ ಅಂದರೂ ಅರ್ಥ ಒಂದೇ. ಆದರೆ ‘ಡೈಲಿ ವೇಜಸ್ ಮೇಲೆ ಇದ್ದಾನೆ’ ಅಂದರೆ ಬೇರೆ ಮಾತು. ಬಂದ ದಿನಕ್ಕೆ ಕೂಲಿ, ಬಾರದ ದಿನಕ್ಕೆ ಇಲ್ಲ. ‘ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ’ ಎಂದು ಹೇಳುವ ಇಂಗ್ಲಿಷ್ ಪದಗಳಲ್ಲಿ ಹಲವು ನಮ್ಮ ಕಡೆ ಹೀಗೆ ದುಡಿಮೆಯ ಜೊತೆಗೇ ಬೆರೆತಿವೆ.

ಅದಕ್ಕಿಂತ ಮೊದಲು ನಮಗೆ ಲೆಕ್ಕವೇ ಇರಲಿಲ್ಲವೇ? ಧಾರಾಳವಾಗಿ ಇತ್ತು. ವಾರಕ್ಕೆ ಸಂತೆ, ತಿಂಗಳಿಗೆ ಅಮಾವಾಸ್ಯೆ, ವರ್ಷಕ್ಕೆ ಜಾತ್ರೆ. ವರ್ಷಕ್ಕೆ 27 ಮಳೆ ನಕ್ಷತ್ರ, ಒಂದೊಂದಕ್ಕೂ 13–14 ದಿನ. ಇಂಗ್ಲಿಷಿನಲ್ಲಿ ಎರಡು ವಾರಕ್ಕೆ ‘ಫೋರ್ಟ್‌ನೈಟ್’ ಎನ್ನುತ್ತಾರೆ. ಅದರ ಮೂಲ ಅರ್ಥ ಹದಿನಾಲ್ಕು ರಾತ್ರಿ. ಮೃಗಶಿರ, ಆರಿದ್ರಾ ಎಂದು ಎಣಿಸಿದ ನಮ್ಮ ಅಜ್ಜಂದಿರ ಅಳತೆಯೂ ಹೆಚ್ಚುಕಡಿಮೆ ಅಷ್ಟೇ.

ಹತ್ತೊಂಬತ್ತನೇ ಶತಮಾನದಲ್ಲಿ ಮಲೆನಾಡಿಗೆ ಯುರೋಪಿನ ತೋಟಗಾರರು ಬಂದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ಬರೆದ ಪುಸ್ತಕ 1894ರಲ್ಲಿ ಅಚ್ಚಾಯಿತು. ಎಸ್ಟೇಟಿನ ದಿನ ಶುರುವಾಗುವುದು ಮಸ್ಟರಿನಿಂದ. ಬೆಳಿಗ್ಗೆ ಆಳುಗಳನ್ನು ನಿಲ್ಲಿಸಿ ಹೆಸರು ಕರೆದು ಲೆಕ್ಕ ಹಿಡಿಯುವುದೇ ಮಸ್ಟರ್. ಇದು ಸೈನ್ಯದಲ್ಲಿಯೂ ಬಳಸುವ ಪದ, ಲ್ಯಾಟಿನ್ನಿನ ‘ತೋರಿಸು’ ಎಂಬ ಮಾತಿನಿಂದ ಹುಟ್ಟಿದ್ದು. ಅದೇ ಕೆಲಸಕ್ಕೆ ನಾವು ಹೇಳುವ ‘ಹಾಜರಿ’ಯೂ ಹೊರಗಿನದೇ, ಅರಬ್ಬಿ ಮೂಲದ್ದು, ಫಾರ್ಸಿಯ ದಾರಿಯಲ್ಲಿ ಬಂದದ್ದು. ಆಳುವವರು ಬದಲಾದಂತೆ ಹೆಸರು ಕೂಗುವ ಭಾಷೆಯೂ ಬದಲಾಯಿತು.

ಕಾಫಿ ಹಣ್ಣಿನ ಕೊಯ್ಲು ವರ್ಷಕ್ಕೊಂದು ಸೀಸನ್. ಚಹಾ ಹಾಗಲ್ಲ. ಚಿಗುರು ಬಲಿಯುವ ಮೊದಲೇ ಮತ್ತೆಮತ್ತೆ ಕೀಳಬೇಕು. ಒಂದು ಸುತ್ತಿಗೆ ‘ರೌಂಡ್’ ಎನ್ನುತ್ತಾರೆ. ಚಹಾ ತೋಟವಿರುವ ಸಂಸೆಯಂಥ ಊರಿನಲ್ಲಿ ಈ ಎರಡು ಲೆಕ್ಕವೂ ಅಕ್ಕಪಕ್ಕ ನಡೆಯುತ್ತವೆ.

ವಾರದ ರಜೆಗೂ ಇತಿಹಾಸವಿದೆ. ತೋಟದ ಕಾರ್ಮಿಕರಿಗೆ ಏಳು ದಿನದಲ್ಲಿ ಒಂದು ದಿನ ಬಿಡುವು ಕೊಡಬೇಕೆಂಬುದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ ಸೇರಿತು. ‘ವಾರಕ್ಕೊಮ್ಮೆ’ ಎಂಬುದು ಧಣಿಯ ಔದಾರ್ಯವಾಗಿ ಉಳಿಯದೆ ಕಾನೂನಿನ ಮಾತಾಯಿತು.

ಪಕ್ಕದ ಕುದುರೆಮುಖದಲ್ಲಿ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಅದರೊಂದಿಗೆ ಶಿಫ್ಟು, ಡ್ಯೂಟಿ, ಓಟಿ ಬಂದವು. ಪಾಳಿ ಎಂಬ ಕನ್ನಡ ಪದವಿದ್ದರೂ ಶಿಫ್ಟೇ ಬಾಯಿಗೆ ಬರುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಖಾಲಿಯಾಯಿತು. ಡ್ಯೂಟಿ ಎಂಬ ಮಾತು ಮಾತ್ರ ನಮ್ಮಲ್ಲೇ ಉಳಿದಿದೆ.

ಅದೇ 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಬಂತು. ಎಸ್ಟೇಟಿನ ಮಸ್ಟರ್ ರೋಲ್ ಹೀಗೆ ಗ್ರಾಮ ಪಂಚಾಯಿತಿಗೂ ಬಂತು. ಕೂಲಿ ವಾರಕ್ಕೊಮ್ಮೆ ಅಥವಾ ಹದಿನೈದು ದಿನದೊಳಗೆ ಸಿಗಬೇಕು ಎಂದು ಆ ಕಾಯ್ದೆ ಹೇಳಿತು. ‘ಯಾವಾಗಲಾದರೂ ಕೊಡ್ತೀವಿ’ ಎನ್ನುವುದಕ್ಕೂ ‘ಹದಿನೈದು ದಿನದೊಳಗೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಒಂದು ಮನೆಯ ಒಲೆಗೆ ಗೊತ್ತಾಗುತ್ತದೆ.

2007–08ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿಸುತ್ತಿದ್ದಾರೆ. ಮುಂದೆ ಆಲ್ವೇಸ್, ಯೂಶುವಲಿ, ಸಮ್‌ಟೈಮ್ಸ್, ನೆವರ್ ಬಂದಾಗ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮನೆಯಲ್ಲಿ ಅವಕ್ಕೆ ಉದಾಹರಣೆ ಬೇಕಾದಷ್ಟಿದೆ. ಬೆಳಿಗ್ಗೆ ಹಾಲು ಕರೆಯುವುದು ಆಲ್ವೇಸ್. ಅಪ್ಪ ಸಂತೆಗೆ ಹೋಗುವುದು ಯೂಶುವಲಿ. ಮಳೆಗಾಲದಲ್ಲಿ ಕರೆಂಟ್ ಇರುವುದು ಸಮ್‌ಟೈಮ್ಸ್. ಕನ್ನಡದಲ್ಲಿ ಪದ ಎರಡು ಸಲ ಹೇಳಿದರೇ ಸಾಕು: ಆಗಾಗ, ವಾರವಾರ, ವರ್ಷವರ್ಷ.

‘ರುಟೀನ್’ ಎಂಬುದು ಫ್ರೆಂಚಿನಲ್ಲಿ ‘ದಾರಿ’ ಎಂಬ ಪದದಿಂದ ಹುಟ್ಟಿದ್ದು. ನಮ್ಮ ‘ದಿನಚರಿ’ಯಲ್ಲಿರುವ ‘ಚರಿ’ಯೂ ನಡೆಯುವುದನ್ನೇ ಹೇಳುತ್ತದೆ. ತೋಟದಲ್ಲೋ ಗಣಿಯಲ್ಲೋ ದುಡಿದ ಹಿರಿಯರು ಮನೆಯಲ್ಲಿದ್ದರೆ, ಅವರ ದಿನ ಎಷ್ಟು ಗಂಟೆಗೆ ಶುರುವಾಗುತ್ತಿತ್ತು, ಕೂಲಿ ಎಷ್ಟು ದಿನಕ್ಕೊಮ್ಮೆ ಸಿಗುತ್ತಿತ್ತು ಎಂದು ಮಕ್ಕಳ ಎದುರಿಗೇ ಕೇಳಿ. ಪಾಠದ ಪದಗಳಿಗೂ ಅರ್ಥ ಸಿಗುತ್ತದೆ, ಊರಿನ ಇತಿಹಾಸವೂ ಅವರಿಗೆ ದಾಟುತ್ತದೆ.